ಸರಪಳಿಯನ್ನು ಹಳಿ ತಪ್ಪಿಸುವ ಯಂತ್ರ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೊರಟ ರೈಲುಗಾಡಿಯು ಕುಂದಗೋಳ, ಗುಡಗೇರಿಗಳನ್ನು ದಾಟಿ ಮುಂದೆ ಸಾಗಿದರೆ ಯಲವಿಗಿಯ ನಿಲ್ದಾಣವು ಸಿಕ್ಕುವುದು. ಸವಣೂರು ತಾಲೂಕಿನ ಈ ಊರಿನವರಿಗೆ ಹಳಿ ತಪ್ಪುವುದೆಂದರೇನೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ರೈಲುಗಾಡಿಗೆ ಅದಕ್ಕಿಂತ ದೊಡ್ಡ ಅನಾಹುತ ಬೇರೊಂದಿಲ್ಲ. ಆದರೆ ಅದೇ ಊರಿನ ಹುಡುಗನೊಬ್ಬನು ಗೇರುಗಳುಳ್ಳ ಸೈಕಲ್ಲನ್ನೇರಿ, ದಾರಿಯ ಏರು ಎದುರಾದಾಗ ಹೆಬ್ಬೆರಳಿನಿಂದ ಹಿಡಿಕೆಯ ಬಳಿಯ ಸನ್ನೆಯನ್ನು ಒತ್ತಿದನೆಂದರೆ, ಅವನು ಮಾಡುವುದು ಹಳಿ ತಪ್ಪಿಸುವ ಕೆಲಸವನ್ನೇ. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ತಳ್ಳಿ ಇನ್ನೊಂದರ ಮೇಲೆ ಕೆಡಹುವ ಸಾಧನಕ್ಕೆ ಫ್ರೆಂಚರು ಇಟ್ಟ ಹೆಸರಿಗೆ 'ಹಳಿ ತಪ್ಪಿಸುವಂಥದು' ಎಂದೇ ಅರ್ಥ. ಆ ಹೆಸರೇ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ 'ಡೀರೇಲರ್' ಎಂದಾಗಿ ಬಂದಿದೆ. ತಪ್ಪಬೇಕಾದಾಗ ತಪ್ಪಿ, ತಪ್ಪಬಾರದಾಗ ತಪ್ಪದೆ ಇರುವಂತೆ ಸರಪಳಿಯನ್ನು ಅಂಕೆಯಲ್ಲಿಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕರ್ನಾಟಕ ಸರಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ಕೊಟ್ಟುದು ಒಂದೇ ಗೇರಿನ ಸಾದಾ ಸೈಕಲ್ಲು. ಅದು ಕೆಟ್ಟರೆ ಊರಿನ ಯಾವ ರಿಪೇರಿಯ ಅಂಗಡಿಯವನಾದರೂ ಕಣ್ಣು ಮುಚ್ಚಿಕೊಂಡು ಸರಿಪಡಿಸಬಲ್ಲನು. ಅನಂತರದ ವರ್ಷಗಳಲ್ಲಿ ದಪ್ಪ ಟೈರಿನ, ಹದಿನೆಂಟು ಅಥವಾ ಇಪ್ಪತ್ತೊಂದು ಗೇರುಗಳ 'ಮೌಂಟನ್ ಬೈಕು'ಗಳು ಹಳ್ಳಿಹಳ್ಳಿಗೂ ಬಂದಿವೆ. ಇವುಗಳ ಬೆಲೆ ಹೆಚ್ಚು. ತಂದೆಯಾದವನು ಮಗನ ಹಟಕ್ಕೋ ಮಗಳ ಶಾಲೆಯ ದೂರಕ್ಕೋ ಮಣಿದು, ಹತ್ತಿ ಮಾರಿದ ಹಣದಲ್ಲಿ ಕೊಂಡಿರುತ್ತಾನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇರು ಜಾರತೊಡಗುವುದು, ಸರಪಳಿ ಕಟಕಟ ಸದ್ದು ಮಾಡುವುದು. ಕೊನೆಗೆ ಅಂಗಡಿಯಲ್ಲಿ ಆ ಯಂತ್ರವನ್ನೇ ಕಿತ್ತುಹಾಕಿ, ಸರಪಳಿಯನ್ನು ಗಿಡ್ಡ ಮಾಡಿ, ಒಂದೇ ಹಲ್ಲುಚಕ್ರಕ್ಕೆ ಕಾಯಂ ಕಟ್ಟಿಕೊಡುವರು. ಹೀಗೆ ಇಪ್ಪತ್ತೊಂದು ಗೇರುಗಳ ಬೆಲೆ ತೆತ್ತು ಒಂದು ಗೇರಿನ ಸೈಕಲ್ಲು ತುಳಿಯುವವರನ್ನು ನಾವು ಅನೇಕರನ್ನು ಕಂಡಿದ್ದೇವೆ. ಇದರಲ್ಲಿ ಅಂಗಡಿಯವನ ತಪ್ಪೇನೂ ಇಲ್ಲ. ಅವನಿಗೆ ಈ ಯಂತ್ರದ ಗುಣವನ್ನು ತಿಳಿಸಿಕೊಟ್ಟವರಿಲ್ಲ. ತಿಳಿದರೆ ಒಂದು ತಿರುಪುಳಿ, ಒಂದು ಚಿಂದಿ, ಅರ್ಧ ಗಂಟೆಯ ತಾಳ್ಮೆ ಇವಿಷ್ಟರಿಂದ ಆಗುವ ಕೆಲಸವಿದು.

ಗೇರುಗಳಿಂದ ಆಗುವ ಉಪಯೋಗವನ್ನು ಲೆಕ್ಕದಿಂದಲೇ ನೋಡೋಣ. ಹಳೆಯ ಇಪ್ಪತ್ತೆಂಟು ಅಂಗುಲದ ಸಾದಾ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ, ಪೆಡಲನ್ನು ಒಂದು ಸುತ್ತು ತಿರುಗಿಸಿದಾಗ ಗಾಡಿಯು ಸುಮಾರು ಐದೂವರೆ ಮೀಟರು ಮುಂದೆ ಹೋಗುವುದು. ದಾರಿ ಏರಾಗಿರಲಿ, ಇಳುಕಲಾಗಿರಲಿ, ಎದುರು ಗಾಳಿ ಇರಲಿ, ಹಿಂದೆ ಹಿಟ್ಟಿನ ಚೀಲವಿರಲಿ, ಆ ಐದೂವರೆ ಮೀಟರಿನಿಂದ ಬಿಡುಗಡೆಯಿಲ್ಲ. ಇಪ್ಪತ್ತಾರು ಅಂಗುಲದ ಮೌಂಟನ್ ಬೈಕಿನಲ್ಲಿ ಮುಂದೆ 42, 34, 24 ಹಲ್ಲುಗಳ ಮೂರು ಚಕ್ರಗಳೂ, ಹಿಂದೆ 14ರಿಂದ 28 ಹಲ್ಲುಗಳವರೆಗಿನ ಏಳು ಚಕ್ರಗಳೂ ಇವೆಯೆನ್ನೋಣ. ಅತ್ಯಂತ ಭಾರದ ಗೇರಿನಲ್ಲಿ ಒಂದು ಸುತ್ತಿಗೆ ಸುಮಾರು 6.2 ಮೀಟರು, ಅತ್ಯಂತ ಹಗುರವಾದುದರಲ್ಲಿ ಸುಮಾರು ಒಂದೂ ಮುಕ್ಕಾಲು ಮೀಟರು. ಎಂದರೆ ಅದೇ ಏರನ್ನು ಮೂರೂವರೆ ಪಾಲು ಕಡಮೆ ಒತ್ತಿನಿಂದ ಹತ್ತಬಹುದು. ಸುತ್ತುಗಳು ಮಾತ್ರ ಮೂರೂವರೆ ಪಾಲು ಹೆಚ್ಚು. ಸನ್ನೆಕೋಲಿನ ನಿಯಮವೇ ಇಲ್ಲಿ ಹಲ್ಲುಗಳ ರೂಪವನ್ನು ತಾಳಿದೆ. ಒತ್ತಿನಲ್ಲಿ ಉಳಿಸಿದುದನ್ನು ದೂರದಲ್ಲಿ ತೆರಲೇಬೇಕು.

ಇಷ್ಟು ಸರಳವಾದ ಉಪಕಾರವನ್ನೂ ಜಗತ್ತು ತಕರಾರಿಲ್ಲದೆ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೇಂತ್-ಎತಿಯೆನ್ ಪಟ್ಟಣದ ಪಾಲ್ ದ ವಿವೀ ಎಂಬಾತನು ಬದಲಾಗುವ ಗೇರುಗಳ ಪರವಾಗಿ ಬರೆದು, ತುಳಿದು, ವಾದಿಸಿದನು. ಟೂರ್ ದ ಫ್ರಾನ್ಸ್ ಪಂದ್ಯವನ್ನು ಹುಟ್ಟುಹಾಕಿದ ಆಂರಿ ದೆಗ್ರಾಂಜ್ ಎಂಬುವನಿಗಾದರೋ ಇದು ಸೇರದು. ಸವಾರನ ಕಾಲಿನ ಕಸುವೇ ಪರೀಕ್ಷೆಯಾಗಬೇಕೆಂಬುದು ಅವನ ಮತ. ಆ ಪಂದ್ಯದಲ್ಲಿ ಡೀರೇಲರಿಗೆ ಅಪ್ಪಣೆ ಸಿಕ್ಕಿದ್ದು 1937ರಲ್ಲಿ. ಬೆಟ್ಟದ ಸೈಕಲ್ಲಿನ ಕಥೆ ತೀರ ಈಚಿನದು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಮರಿನ್ ಜಿಲ್ಲೆಯಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲಿನಿಂದ ಓಡಿಸಿಕೊಂಡು ಇಳಿಯುವ ಪಂದ್ಯವನ್ನು 1976ರಲ್ಲಿ ನಡೆಸಿದರು. ಇಳಿಯುವುದಕ್ಕೆ ಗೇರು ಬೇಕಾಗಿರಲಿಲ್ಲ. ಮತ್ತೆ ಹತ್ತುವುದಕ್ಕೆ ಬೇಕಾಯಿತು. ಆಗ ಹಳೆಯ ಚೌಕಟ್ಟಿಗೆ ಡೀರೇಲರು ಬಂದು ಸೇರಿತು.

ಅಲ್ಲಿಯವರೆಗಿನ ಗೇರುಗಳಲ್ಲಿ ಸನ್ನೆಯನ್ನು ಎಷ್ಟು ಎಳೆಯಬೇಕೆಂಬುದನ್ನು ಸವಾರನು ಕಿವಿಯಿಂದಲೇ ತಿಳಿಯಬೇಕಾಗಿತ್ತು. ತಂಬೂರಿಯ ತಂತಿಯನ್ನು ಶ್ರುತಿ ಮಾಡುವಂತೆ, ಸದ್ದು ನಿಲ್ಲುವವರೆಗೆ ಅತ್ತಿತ್ತ ಸರಿಸುವುದು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿಯು 'ಟಿಕ್' ಎಂದು ಸದ್ದು ಮಾಡಿ ಗೊತ್ತಾದ ಸ್ಥಾನದಲ್ಲಿಯೇ ನಿಲ್ಲುವ ಏರ್ಪಾಟನ್ನು ಪಂದ್ಯದ ಸೈಕಲ್ಲುಗಳಿಗೆ ತಂದಿತು. ಕ್ರಮೇಣ ಅದು ಅಗ್ಗದ ಸೈಕಲ್ಲುಗಳಿಗೂ ಇಳಿಯಿತು. ಇದು ಸವಾರನಿಗೆ ವರ. ರಿಪೇರಿಯವನಿಗೆ ಹೊಸ ಪಾಠ. ಹಳೆಯ ಕ್ರಮದಲ್ಲಿ ತಂತಿ ಸ್ವಲ್ಪ ಸಡಿಲವಾದರೆ ಕೈಯೇ ಅದನ್ನು ಸರಿದೂಗಿಸುತ್ತಿತ್ತು. ಹೊಸ ಕ್ರಮದಲ್ಲಿ ಅಳತೆ ತಪ್ಪಿದರೆ ಏಳೂ ಸ್ಥಾನಗಳು ಒಟ್ಟಿಗೇ ತಪ್ಪುವುವು.

ಆ ಅಳತೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ನೋಡಬೇಕು. ಏಳು ಚಕ್ರಗಳ ಶಿಮಾನೊ ಏರ್ಪಾಟಿನಲ್ಲಿ ಒಂದು 'ಟಿಕ್'ಗೆ ಸನ್ನೆಯು ಸುಮಾರು 2.9 ಮಿ.ಮೀ. ತಂತಿಯನ್ನು ಎಳೆಯುವುದು. ಹಿಂದಿನ ಯಂತ್ರವು ನಾಲ್ಕು ಕೀಲುಗಳ ಒಂದು ಸಮಾಂತರ ಚತುರ್ಭುಜ. ಅದು ಆ ಎಳೆತವನ್ನು ಸುಮಾರು 1.7 ಪಾಲು ಹಿಗ್ಗಿಸಿ, ತನ್ನ ಪಂಜರವನ್ನೂ ಅದರೊಳಗಿನ ಎರಡು ಪುಟ್ಟ ರಾಟೆಗಳನ್ನೂ 5 ಮಿ.ಮೀ.ನಷ್ಟು ಪಕ್ಕಕ್ಕೆ ಸರಿಸುವುದು. ಒಂದು ಹಲ್ಲುಚಕ್ರದಿಂದ ಮುಂದಿನದಕ್ಕೆ ಇರುವ ಅಂತರವೂ ಅಷ್ಟೇ. ತಂತಿಯಲ್ಲಿ ಅರ್ಧ ಮಿಲಿಮೀಟರು ಸಡಿಲವಿದ್ದರೆ ರಾಟೆಯು ತನ್ನ ಚಕ್ರದ ನೇರದಿಂದ ಸುಮಾರು 0.85 ಮಿ.ಮೀ. ಆಚೀಚೆ ನಿಲ್ಲುವುದು, ಸರಪಳಿ ಪಕ್ಕದ ಚಕ್ರಕ್ಕೆ ತಾಕಿ ಗೊಣಗಲು ಅಷ್ಟು ಸಾಕು. ಹನ್ನೊಂದು, ಹನ್ನೆರಡು ಚಕ್ರಗಳುಳ್ಳ ದುಬಾರಿ ಸೈಕಲ್ಲುಗಳಲ್ಲಿ ಈ ಅಂತರವು 4 ಮಿ.ಮೀ.ಗೂ ಕಡಮೆ. ಅಲ್ಲಿ ಕ್ಷಮೆಗೆ ಎಡೆ ಇನ್ನೂ ಕಿರಿದು.

ಈ ಲೆಕ್ಕದೊಳಕ್ಕೆ ಯಲವಿಗಿಯ ಎರೆಮಣ್ಣು ಬಂದು ಸೇರುವುದನ್ನು ಕಲ್ಪಿಸಿಕೊಳ್ಳಿರಿ. ಈ ಕಪ್ಪು ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವು ಪ್ರಧಾನವಾಗಿದೆ. ಇದರ ಕಣಗಳು ಹಾಳೆಯ ಮೇಲೆ ಹಾಳೆ ಇಟ್ಟಂತಿರುವುವು. ನೀರು ಆ ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬಿ ಅಂಟಾಗುವುದು, ನೀರಾರಿದಾಗ ಕುಗ್ಗಿ ಬಿರಿಯುವುದು. ಹತ್ತಿಗೆ ಇದು ಹಿತವಾದ ಗುಣ. ಚಕ್ಕಡಿಯನ್ನು ಎಳೆಯುವ ಎತ್ತಿಗೆ ಹಿತವಲ್ಲ, ಡೀರೇಲರಿಗಂತೂ ಶತ್ರು. ಮಳೆಯಾದ ಮರುದಿನ ಹೊಲದ ದಾರಿಯಲ್ಲಿ ಸೈಕಲ್ಲು ಹಿಡಿದು ಹೊರಟರೆ, ಟೈರಿಗೆ ಮೆತ್ತಿದ ಮಣ್ಣು ಚೌಕಟ್ಟಿನ ಸಂದಿನಲ್ಲಿ ತುಂಬಿ, ಸರಪಳಿಯ ಜೊತೆಗೆ ಸಾಗಿ, ಪಂಜರದ ಎರಡು ರಾಟೆಗಳ ನಡುವೆ ಮುದ್ದೆಯಾಗಿ ಕೂಡುವುದು. ಹುಲ್ಲಿನ ಎಸಳೋ ಹತ್ತಿಯ ಕಡ್ಡಿಯೋ ಅದರೊಂದಿಗೆ ಸೇರಿತೆಂದರೆ ರಾಟೆ ತಿರುಗದು.

ನಿಜವಾದ ಅಪಾಯವಿರುವುದು ಇಲ್ಲಿಯೇ. ಸರಪಳಿಯು ಪಂಜರದೊಳಗೆ ಸಿಕ್ಕಿಬಿದ್ದಿರುವಾಗ ಸವಾರನು, 'ಏನೋ ಬಿಗಿಯಾಗಿದೆ' ಎಂದುಕೊಂಡು ಎದ್ದು ನಿಂತು ತುಳಿದರೆ, ಇಡೀ ಯಂತ್ರವನ್ನು ಸರಪಳಿಯೇ ಹಿಂದಕ್ಕೂ ಮೇಲಕ್ಕೂ ಎಳೆದುಕೊಂಡು ಹೋಗಿ ಗಾಲಿಯ ಕಡ್ಡಿಗಳೊಳಗೆ ತಳ್ಳುವುದು. ಕಡ್ಡಿಗಳು ಮುರಿಯುವುವು, ಯಂತ್ರವು ತೂಗುತ್ತಿರುವ ಕಿವಿ ತಿರುಚುವುದು, ಗಾಲಿ ಅಲ್ಲಿಯೇ ಕಚ್ಚಿ ನಿಲ್ಲುವುದು. ಆದುದರಿಂದ ಎರೆಯ ದಾರಿಯಲ್ಲಿ ಪೆಡಲು ಇದ್ದಕ್ಕಿದ್ದಂತೆ ಬಿಗಿಯಾದರೆ ಒಡನೆಯೇ ತುಳಿಯುವುದನ್ನು ನಿಲ್ಲಿಸಿ, ಇಳಿದು, ಒಂದು ಕಡ್ಡಿಯಿಂದ ಮಣ್ಣನ್ನು ಕೆತ್ತಿ ತೆಗೆಯತಕ್ಕದ್ದು. ಒಕ್ಕಲಿಗನು ಕುಂಟೆಗೆ ಮೆತ್ತಿದ ಮಣ್ಣನ್ನು ಸಾಲಿನ ಕೊನೆಯಲ್ಲಿ ಕೆರೆಯುವುದಿಲ್ಲವೆ? ಅದೇ ಕ್ರಮ ಇಲ್ಲಿಯೂ. ದೂರ ಸಾಗಬೇಕಾಗಿದ್ದರೆ ಸೈಕಲ್ಲನ್ನು ಹೆಗಲಿಗೇರಿಸುವುದೇ ಲೇಸು. ಮನೆ ಮುಟ್ಟಿದ ಅದೇ ಸಂಜೆ ಒಂದು ಕೊಡ ನೀರಿನಿಂದ ಮೆಲ್ಲಗೆ ತೊಳೆಯಬೇಕು. ಬೆಳಗಿನವರೆಗೆ ಬಿಟ್ಟರೆ ಎರೆಯು ಇಟ್ಟಿಗೆಯಂತೆ ಗಡುಸಾಗುವುದು. ಮೋಟಾರು ವಾಹನಗಳನ್ನು ತೊಳೆಯುವ ರಭಸದ ಪಿಚಕಾರಿಯನ್ನು ಮಾತ್ರ ಬಳಸಬಾರದು. ಅದು ಮಣ್ಣನ್ನು ಹೊರದೂಡುವ ಬದಲು ಗಾಲಿಯ ಗುಂಡುಗಳೊಳಗೆ ನೂಕುವುದು.

ಇನ್ನು ಗೇರನ್ನು ಕೂರಿಸುವ ಕೆಲಸ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸುವ ವಾಡಿಕೆಯನ್ನು ಬಿಟ್ಟು, ಪಡಸಾಲೆಯ ಜಂತಿಗೆ ಹಗ್ಗ ಕಟ್ಟಿ ಸೀಟನ್ನು ತೂಗುಹಾಕಿದರೆ ಹಿಂದಿನ ಗಾಲಿ ನೆಲದಿಂದ ಎದ್ದು ಪೆಡಲನ್ನು ಕೈಯಿಂದ ತಿರುಗಿಸಲು ಬರುವುದು. ಮೊದಲು ಗಾಲಿಯ ಹಿಂದೆ ಕುಳಿತು ಕಣ್ಣಳತೆಯಿಂದ ನೋಡಬೇಕು. ಪಂಜರದ ಎರಡು ರಾಟೆಗಳೂ ಹಲ್ಲುಚಕ್ರಗಳಿಗೆ ಸಮಾಂತರವಾಗಿ ಒಂದೇ ಲಂಬದಲ್ಲಿ ತೂಗುತ್ತಿವೆಯೆ? ಕೆಳಗಿನ ರಾಟೆ ಒಳಕ್ಕೆ ವಾಲಿದ್ದರೆ ಕಿವಿ ಬಾಗಿದೆಯೆಂದು ತಿಳಿಯಬೇಕು. ಸೈಕಲ್ಲು ಬಲಮಗ್ಗುಲಿಗೆ ಒಮ್ಮೆ ಬಿದ್ದರೂ ಸಾಕು, ಹೀಗಾಗುವುದುಂಟು. ಕಿವಿ ಬಾಗಿದ್ದಾಗ ಯಾವ ತಿರುಪನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಒಂದು ಚಕ್ರಕ್ಕೆ ಸರಿಯಾದರೆ ಇನ್ನೊಂದಕ್ಕೆ ತಪ್ಪುವುದು. ಉಕ್ಕಿನ ಕಿವಿಯಾದರೆ ನಿಧಾನವಾಗಿ ನೆಟ್ಟಗೆ ಮಾಡಬಹುದು. ಅಲ್ಯುಮಿನಿಯಮ್ ಚೌಕಟ್ಟಿನ ಕಿವಿ ಬಿಡಿಯಾಗಿರುವುದರಿಂದ ಹೊಸದನ್ನು ಹಾಕುವುದೇ ಮೇಲು. ಗೇರು ಕೆಟ್ಟಿದೆಯೆಂದು ಬಂದ ಸೈಕಲ್ಲುಗಳಲ್ಲಿ ಮೊದಲು ನೋಡಬೇಕಾದ ಈ ಕಿವಿಯನ್ನೇ ಕೊನೆಗೆ ನೋಡುವವರು ಹೆಚ್ಚು.

ಯಂತ್ರದ ಮೈಮೇಲೆ ಎರಡು ಸಣ್ಣ ತಿರುಪುಗಳು ಜೊತೆಯಾಗಿರುವುವು. ಇವು ಗೇರನ್ನು ಕೂರಿಸುವ ತಿರುಪುಗಳಲ್ಲ, ಎಲ್ಲೆಯ ಕಲ್ಲುಗಳು. ಒಂದು, ಸರಪಳಿಯು ಅತಿ ಚಿಕ್ಕ ಚಕ್ರವನ್ನು ದಾಟಿ ಹೊರಗೆ ಬೀಳದಂತೆ ತಡೆಯುವುದು. ಇನ್ನೊಂದು, ಅತಿ ದೊಡ್ಡ ಚಕ್ರವನ್ನು ದಾಟಿ ಕಡ್ಡಿಗಳೊಳಗೆ ಹೋಗದಂತೆ ತಡೆಯುವುದು. ಎರಡನೆಯದು ಸಡಿಲವಾಗಿದ್ದರೆ ಆಗುವ ಕೇಡನ್ನು ಮೇಲೆ ಹೇಳಿದ್ದೇವೆ. ಅದೂ ಆಗುವುದು ಏರನ್ನು ಹತ್ತುವಾಗ, ಸವಾರನು ತನ್ನ ಬಲವನ್ನೆಲ್ಲ ಹಾಕಿ ತುಳಿಯುತ್ತಿರುವಾಗ. ಸರಪಳಿಯನ್ನು ದೊಡ್ಡ ಚಕ್ರಕ್ಕೆ ತಂದು, ಯಂತ್ರವನ್ನು ಬೆರಳಿನಿಂದ ಇನ್ನೂ ಒಳಕ್ಕೆ ನೂಕಿ ನೋಡಬೇಕು. ಅದು ಒಂದಿಷ್ಟೂ ಕಡ್ಡಿಗಳ ಕಡೆಗೆ ಹೋಗಬಾರದು. ಹೋದರೆ ಆ ತಿರುಪನ್ನು ಬಲಕ್ಕೆ ಬಿಗಿಯಬೇಕು. ಈ ಎರಡು ತಿರುಪುಗಳನ್ನು ಒಮ್ಮೆ ಸರಿಯಾಗಿ ಇರಿಸಿದ ಮೇಲೆ, ಕಿವಿ ಬಾಗಿದ ಹೊರತು ಮತ್ತೆ ಮುಟ್ಟುವ ಕಾರಣವಿಲ್ಲ. ಗೇರು ಜಾರಿದಾಗಲೆಲ್ಲ ಇವನ್ನೇ ತಿರುವುತ್ತ ಕುಳಿತುಕೊಳ್ಳುವುದು, ಹೊಲದ ಬೆಳೆ ಬಾರದುದಕ್ಕೆ ಬಾಂದಿನ ಕಲ್ಲನ್ನು ಕಿತ್ತಂತೆ.

ದಿನದಿನದ ಹೊಂದಾಣಿಕೆಗಾಗಿ ಇರುವುದು ತಂತಿಯು ಯಂತ್ರವನ್ನು ಸೇರುವಲ್ಲಿರುವ ಕೊಳವೆಯಾಕಾರದ ತಿರುಗಣೆ. ಸರಪಳಿಯು ಚಿಕ್ಕ ಚಕ್ರದಿಂದ ದೊಡ್ಡದಕ್ಕೆ ಏರಲು ತಡಮಾಡಿದರೆ ತಂತಿ ಸಡಿಲವಾಗಿದೆ. ಹಿಂದಿನಿಂದ ನೋಡುತ್ತ ತಿರುಗಣೆಯನ್ನು ಎಡಕ್ಕೆ, ಎಂದರೆ ಬಿಚ್ಚುವ ದಿಕ್ಕಿಗೆ, ಅರ್ಧ ಸುತ್ತು ತಿರುಗಿಸಬೇಕು. ಬಿಚ್ಚಿದರೆ ಬಿಗಿಯಾಗುವುದು ಹೇಗೆಂದು ಕೆಲವರಿಗೆ ಸೋಜಿಗ. ತಿರುಗಣೆ ಹೊರಬಂದಷ್ಟೂ ಹೊರಕವಚದ ದಾರಿ ಉದ್ದವಾಗುವುದು, ಒಳಗಿನ ತಂತಿಯ ಉದ್ದವಾದರೋ ಅಷ್ಟೇ. ಆದುದರಿಂದ ಅದು ಬಿಗಿದುಕೊಳ್ಳುವುದು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಲು ತಡಮಾಡಿದರೆ ಬಲಕ್ಕೆ ತಿರುಗಿಸಬೇಕು. ಪ್ರತಿ ಸಲವೂ ಅರ್ಧ ಸುತ್ತಿಗಿಂತ ಹೆಚ್ಚು ಬೇಡ.

ಬಲಕ್ಕೆ ತಿರುಗಿಸಿದರೂ ಇಳಿಯದಿದ್ದರೆ? ಆಗ ದೋಷವಿರುವುದು ತಂತಿಯ ಕವಚದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ದೊಡ್ಡ ಚಕ್ರಕ್ಕೆ ಏರುವಾಗ ತಂತಿಯನ್ನು ಎಳೆಯುವುದು ಸವಾರನ ಹೆಬ್ಬೆರಳು. ಅದಕ್ಕೆ ಬೇಕಾದಷ್ಟು ಬಲವುಂಟು. ಇಳಿಯುವಾಗ ತಂತಿಯನ್ನು ಹಿಂದಕ್ಕೆ ಸೆಳೆಯಬೇಕಾದುದು ಯಂತ್ರದೊಳಗಿನ ಒಂದು ಬಡ ಸ್ಪ್ರಿಂಗು. ಕವಚದೊಳಗೆ ಧೂಳು, ತುಕ್ಕು, ನೀರು ಸೇರಿ ಘರ್ಷಣೆ ಹೆಚ್ಚಿದರೆ ಮೊದಲು ಸೋಲುವುದು ಆ ಸ್ಪ್ರಿಂಗೇ. ಆದುದರಿಂದ 'ಏರುತ್ತದೆ, ಇಳಿಯುವುದಿಲ್ಲ' ಎಂಬ ದೂರು ಬಂದೊಡನೆ ಕವಚವನ್ನು ಸಂಶಯಿಸಬೇಕು. ಅದರಲ್ಲಿಯೂ ಹಿಂದಿನ ಗಾಲಿಯ ಬಳಿ ಬಳೆಯಂತೆ ಬಾಗಿರುವ ಕೊನೆಯ ತುಂಡನ್ನು. ನೀರು ಹರಿದು ಬಂದು ನಿಲ್ಲುವುದು ಆ ತುಂಡಿನ ತಗ್ಗಿನಲ್ಲಿಯೇ. ಮಳೆಗಾಲ ಕಳೆದ ಮೇಲೆ ಆ ಗೇಣುದ್ದದ ತುಂಡೊಂದನ್ನು ಬದಲಿಸಿದರೆ ಇಡೀ ಗೇರೇ ಹೊಸದಾದಂತಾಗುವುದು.

ಬದಲಿಸುವಾಗ ಬ್ರೇಕಿನ ಕವಚವನ್ನು ಗೇರಿಗೆ ಹಾಕಬಾರದು. ನೋಟಕ್ಕೆ ಎರಡೂ ಒಂದೇ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುವುದೂ ಉಂಟು. ಆದರೆ ಬ್ರೇಕಿನ ಕವಚವೆಂದರೆ ಚಪ್ಪಟೆ ತಂತಿಯನ್ನು ಸುರುಳಿ ಸುತ್ತಿದುದು. ಒತ್ತು ಬಿದ್ದಾಗ ಸುರುಳಿಯ ಸಂದುಗಳು ಮುಚ್ಚಿ ಅದು ಸ್ವಲ್ಪ ಕುಗ್ಗುವುದು. ಬ್ರೇಕಿಗೆ ಅಷ್ಟು ಕುಗ್ಗಿದರೆ ನಷ್ಟವಿಲ್ಲ. ಮಿಲಿಮೀಟರಿನ ಅರ್ಧಕ್ಕೆ ಗೊಣಗುವ ಗೇರಿಗೆ ಅದೇ ಮೃತ್ಯು. ಗೇರಿನ ಕವಚದಲ್ಲಿ ಉಕ್ಕಿನ ಎಳೆಗಳು ಉದ್ದಕ್ಕೆ ಸಾಗಿರುವುದರಿಂದ ಅದು ಕುಗ್ಗದು. ಅದೇ ಕಾರಣದಿಂದ ಗೇರಿನ ಕವಚವನ್ನು ಬ್ರೇಕಿಗೆ ಹಾಕುವುದು ಇನ್ನೂ ದೊಡ್ಡ ತಪ್ಪು. ಬ್ರೇಕಿನ ಭಾರೀ ಒತ್ತಿಗೆ ಆ ಎಳೆಗಳು ಸೀಳಿ ಹೊರಬಂದರೆ ಬ್ರೇಕೇ ಇಲ್ಲದಂತಾಗುವುದು. ಕವಚವನ್ನು ಹರಿತವಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಚಪ್ಪಟೆಯಾದ ಬಾಯನ್ನು ಸೂಜಿಯಿಂದ ಬಿಡಿಸಿ, ತುದಿಗೆ ಟೊಪ್ಪಿಗೆ ತೊಡಿಸುವುದನ್ನು ಮರೆಯಬಾರದು.

ಸರಪಳಿಗೆ ಎಣ್ಣೆ ಹಾಕುವ ವಿಷಯದಲ್ಲಿ ನಮ್ಮ ಜನರ ಔದಾರ್ಯವು ಅತಿಯಾದುದು. ಎಣ್ಣೆ ಬೇಕಾಗಿರುವುದು ಸರಪಳಿಯ ಕೊಂಡಿಗಳ ಒಳಗಿನ ಗೂಟಗಳಿಗೆ. ಹೊರಗೆ ಸುರಿದ ಎಣ್ಣೆಯು ಧೂಳನ್ನು ಕರೆದು ಕೂರಿಸಿಕೊಂಡು ಸಾಣೆಯ ಹಿಟ್ಟಾಗುವುದು. ಹಾನಗಲ್ಲು ಸೀಮೆಯ ಕೆಂಪು ಧೂಳಿನಲ್ಲಿ ಮರಳಿನ ಕಣಗಳಿರುವುದರಿಂದ ಅಲ್ಲಿ ಈ ಸಾಣೆ ಇನ್ನೂ ಚುರುಕು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಸರಪಳಿಯನ್ನು ಒರೆಸಿ, ಪೂರ್ತಿ ಆರಿದ ಮೇಲೆ ಪ್ರತಿ ಕೊಂಡಿಗೂ ಒಂದೊಂದೇ ಹನಿ ಹಾಕಿ, ಕೆಲವು ನಿಮಿಷ ಪೆಡಲು ತಿರುಗಿಸಿ, ಹೊರಗಿನ ಎಣ್ಣೆಯನ್ನೆಲ್ಲ ಮತ್ತೆ ಒರೆಸಿಬಿಡಬೇಕು. ಅಡುಗೆಯ ಎಣ್ಣೆ ಗಾಳಿಗೆ ಅಂಟಾಗುವುದು. ಮೋಟಾರಿನಿಂದ ತೆಗೆದ ಕರಿ ಎಣ್ಣೆಯಲ್ಲಿ ಲೋಹದ ಪುಡಿ ಇರುವುದು. ಗ್ರೀಸು ಕೊಂಡಿಯ ಒಳಹೋಗದೆ ಮಣ್ಣನ್ನಷ್ಟೇ ಹಿಡಿಯುವುದು. ಇವು ಮೂರೂ ಬೇಡ. ಹೊಲಿಗೆ ಯಂತ್ರದ ತೆಳು ಎಣ್ಣೆಯು ಡೀರೇಲರಿನ ಕೀಲುಗಳಿಗೆ ಒಳ್ಳೆಯದು. ಸರಪಳಿಗೆ ಮಳೆಗಾಲದಲ್ಲಿ ಅದು ಸಾಲದು.

ಇಷ್ಟೆಲ್ಲ ಮಾಡಿಯೂ ಒತ್ತಿ ತುಳಿದಾಗ ಸರಪಳಿ ಹಲ್ಲು ಹಾರುತ್ತಿದ್ದರೆ ಸರಪಳಿಯು ಸವೆದಿದೆಯೆಂದೇ ಅರ್ಥ. 'ಚೈನು ಜಗ್ಗಿದೆ' ಎನ್ನುವರು. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಒಂದಿಷ್ಟೂ ಜಗ್ಗಿರುವುದಿಲ್ಲ. ಗೂಟಗಳೂ ಅವು ಕೂತ ರಂಧ್ರಗಳೂ ಸವೆದು ಪ್ರತಿ ಕೊಂಡಿಯೂ ಕೂದಲೆಳೆಯಷ್ಟು ಉದ್ದವಾಗಿರುತ್ತದೆ. ಗೂಟದಿಂದ ಗೂಟಕ್ಕೆ ಅರ್ಧ ಅಂಗುಲ, ಎಂದರೆ 12.7 ಮಿ.ಮೀ. ಇರಬೇಕಾದುದು ಸರಪಳಿಯ ಅಳತೆ. ಶಾಲೆಯ ಪಟ್ಟಿಯನ್ನು ಒಂದು ಗೂಟದ ನಡುವಿಗೆ ಹಿಡಿದರೆ ಇಪ್ಪತ್ತನಾಲ್ಕನೆಯ ಕೊಂಡಿಯ ಗೂಟವು ಸರಿಯಾಗಿ ಹನ್ನೆರಡು ಅಂಗುಲಕ್ಕೆ ಬರಬೇಕು. ಅದು ಅಂಗುಲದ ಹದಿನಾರನೆಯ ಒಂದು ಪಾಲು ಆಚೆಗಿದ್ದರೆ ಸರಪಳಿಯನ್ನು ಬದಲಿಸುವ ಕಾಲ ಬಂದಿದೆ. ಕೊಂಡಿಯೊಂದಕ್ಕೆ ಲೆಕ್ಕ ಹಾಕಿದರೆ ಇದು ಕೇವಲ 0.07 ಮಿ.ಮೀ. ಎಂಟನೆಯ ಒಂದು ಪಾಲು ಆಚೆಗೆ ಹೋಗಿದ್ದರೆ, ಸವೆದ ಸರಪಳಿಯು ಹಲ್ಲುಚಕ್ರಗಳನ್ನೂ ತನ್ನ ಅಳತೆಗೆ ತೇಯ್ದಿರುವುದರಿಂದ, ಹೊಸ ಸರಪಳಿಯೊಂದನ್ನೇ ಹಾಕಿದರೆ ಅದು ಹಳೆಯ ಹಲ್ಲುಗಳ ಮೇಲೆ ಜಾರುವುದು. ಆಗ ಖರ್ಚು ಹಲವು ಪಾಲಾಯಿತು.

ಗೇರು ಬದಲಿಸುವ ರೀತಿಯಲ್ಲಿಯೂ ಯಂತ್ರದ ಆಯುಸ್ಸು ಅಡಗಿದೆ. ಪೆಡಲು ತಿರುಗುತ್ತಿರಬೇಕು, ಆದರೆ ಅದರ ಮೇಲೆ ಒತ್ತು ಇರಬಾರದು. ನಿಂತ ಸೈಕಲ್ಲಿನ ಸನ್ನೆಯನ್ನು ಮಕ್ಕಳು ಆಟಕ್ಕೆ ಒತ್ತುವುದನ್ನು ತಡೆಯಬೇಕು. ಏರು ಬರುವ ಮೊದಲೇ ಹಗುರ ಗೇರಿಗೆ ಇಳಿಯಬೇಕು. ಏರಿನ ನಡುವೆ ಕಾಲಿನ ಬಲವೆಲ್ಲ ಸರಪಳಿಯ ಮೇಲಿರುವಾಗ ಅದನ್ನು ಪಕ್ಕಕ್ಕೆ ತಳ್ಳಿದರೆ ಗೂಟ ಸಡಿಲವಾಗಿ ಸರಪಳಿಯೇ ತುಂಡಾಗುವುದುಂಟು. ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರ ಎರಡರ ಮೇಲೂ ಸರಪಳಿಯನ್ನು ಒಟ್ಟಿಗೆ ಇಟ್ಟರೆ ಅದು ಓರೆಯಾಗಿ ಬಲು ಬೇಗ ಸವೆಯುವುದು. ಚಿಕ್ಕವೆರಡರ ಜೋಡಿಯೂ ಹಾಗೆಯೇ.

ಈ ಜೋಡಿಗಳನ್ನು ಬಿಟ್ಟು ಎಣಿಸಿದರೆ, ಉಳಿದವುಗಳಲ್ಲಿಯೂ ಅನೇಕವು ಒಂದರ ಪಡಿಯಚ್ಚು ಇನ್ನೊಂದು. ಇಪ್ಪತ್ತೊಂದು ಗೇರುಗಳೆಂದು ಅಂಗಡಿಯವನು ಹೇಳುವುದರಲ್ಲಿ ನಿಜವಾಗಿ ಬೇರೆಬೇರೆಯಾದವು ಅದಕ್ಕಿಂತ ಬಹಳ ಕಡಮೆ. ಯಲವಿಗಿ, ಸವಣೂರುಗಳ ಬಯಲಿನಲ್ಲಿ ಶಾಲೆಗೆ, ಹೊಲಕ್ಕೆ ಓಡಾಡುವವರಿಗೆ ಮುಂದೆ ಮೂರು ಚಕ್ರಗಳ ಅಗತ್ಯವೇ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಹೊಸ ಸೈಕಲ್ಲು ಕೊಳ್ಳುವವರು ಗೇರುಗಳ ಸಂಖ್ಯೆಯನ್ನು ಕೇಳುವ ಬದಲು ಹಿಂದಿನ ಯಂತ್ರದ ಪಂಜರವನ್ನು ಎರಡು ಬೆರಳಿನಿಂದ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಲಿ. ಹೊಸದಿರುವಾಗಲೇ ಕೀಲುಗಳು ಗಡಗಡ ಅಲ್ಲಾಡುವ ತೆಳು ತಗಡಿನ ಯಂತ್ರವಾಗಿದ್ದರೆ ಯಾವ ತಿರುಪಿನಿಂದಲೂ ಅದು ಬಹುಕಾಲ ನಿಲ್ಲದು. ಅಂಥದನ್ನು ಈಗಾಗಲೇ ಕೊಂಡವರು ಇಡೀ ಸೈಕಲ್ಲನ್ನು ಮಾರಬೇಕಾಗಿಲ್ಲ, ಒಂದೇ ಗೇರಿಗೆ ಕಟ್ಟಿಸಬೇಕಾಗಿಯೂ ಇಲ್ಲ. ಸ್ವಲ್ಪ ಗಟ್ಟಿಯಾದ ಹಿಂದಿನ ಡೀರೇಲರು, ಒಂದು ತಂತಿ, ಒಂದು ಮೊಳ ಗೇರಿನ ಕವಚ ಇವು ಹುಬ್ಬಳ್ಳಿಯ ಸೈಕಲ್ ಸಾಮಾನಿನ ಅಂಗಡಿಗಳಲ್ಲಿ ಬಿಡಿಯಾಗಿಯೇ ದೊರೆಯುವುವು. ಸನ್ನೆಯು ಎಷ್ಟು ಚಕ್ರಗಳದೆಂಬುದನ್ನು ಮಾತ್ರ ಎಣಿಸಿಕೊಂಡು ಹೋಗಬೇಕು.